ಚಂದ್ರಲೇಖೆಯ ತಮಿಳು ಪೇಪರು
ಮತ್ತಿಗಿರಿಯ ಚಂದ್ರಲೇಖಾ ಹೊಸ ನರ್ಸು, ನನ್ನ ಹಳೆಯ ಶಿಷ್ಯೆ. ಹೊಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದಾಳೆ. ಅವಳ ಸಹಪಾಠಿ ಸ್ಮೃತಿಗೆ ಡೆಂಕಣಿಕೋಟೆಯ ಕಡೆ ಸರ್ಕಾರಿ ಕೆಲಸ ಸಿಕ್ಕಿದಂದಿನಿಂದ ಇವಳಿಗೆ ಬೇರೆ ಮಾತಿಲ್ಲ. ಸ್ಮೃತಿ ಕೊಡೆ ಕೊಂಡರೆ ಅದು "ಗೌರ್ಮೆಂಟ್ ಕೊಡೆ", ಸೀನಿದರೆ, "ರಜ ಐತಲ್ಲ ಸಾರ್, ಧಾರಾಳವಾಗಿ ಸೀನ್ತಾಳೆ." ಒಮ್ಮೊಮ್ಮೆ ತಾನೇ ಸಮಾಧಾನ ಹೇಳಿಕೊಳ್ಳುತ್ತಾಳೆ: "ನಮ್ದು ಎ.ಸಿ. ವಾರ್ಡು, ಅವ್ಳ ಕಡೆ ಆನೆ ಬತ್ತವೆ." ಮರುಕ್ಷಣ ಆ ಆನೆಗಳನ್ನೂ ಕಂಡು ಕರುಬುವವಳಂತೆ ನಿಟ್ಟುಸಿರಿಡುತ್ತಾಳೆ. ಈಗ ಆಸ್ಪತ್ರೆಯವರು ಮೂರು ವರ್ಷ ಕೆಲಸ ಬಿಡುವುದಿಲ್ಲವೆಂಬ ಬಾಂಡಿಗೆ ಸಹಿ ಕೇಳಿದ್ದಾರೆ. ಹಾಕಿದರೆ ಸರ್ಕಾರಿ ಪರೀಕ್ಷೆಯ ಆಸೆ ಬಿಟ್ಟಂತೆಯೇ. ತಮಿಳುನಾಡಿನಲ್ಲಿ ಆ ಪರೀಕ್ಷೆಗೆ ತಮಿಳು ಪೇಪರು ಕಡ್ಡಾಯ. ಇವಳು ಶಾಲೆಯಲ್ಲಿ ಓದಿದ್ದೆಲ್ಲ ಕನ್ನಡ. ನಿನ್ನೆ ಸಹಿಯಿಲ್ಲದ ಬಾಂಡನ್ನು ಒಂದು ನೋಟ್‌ಬುಕ್ಕಿನಲ್ಲಿ ಮಡಚಿಟ್ಟುಕೊಂಡು ನಮ್ಮ ಮನೆಗೆ ಬಂದಳು. "ಹಳಗನ್ನಡದಾಗೆ ೞ ಅಂತ ಒಂದಕ್ಷರ ಇತ್ತು, ಸತ್ತೋಯ್ತು ಅಂತ ಹೇಳ್ಕೊಟ್ಟಿದ್ರಲ್ಲ ಸಾರ್, ತಮಿಳಾಗೆ ಅದಿನ್ನೂ ಬದುಕೈತೆ. ಎಲ್ಲೆಲ್ಲಿ ಬರೀಬೇಕೋ ತಿಳೀತಿಲ್ಲ, ಕಲಿಸಿ" ಎಂದಳು. ನೋಟ್‌ಬುಕ್ಕು ತೆರೆದೆ. ಒಂದೊಂದು ತಮಿಳು ಪದದ ಕೆಳಗೂ ಕನ್ನಡದಲ್ಲಿ ಅರ್ಥ, ದುಂಡಗಿನ ಅಕ್ಷರಗಳಲ್ಲಿ, ಎಂಬತ್ತು ಪುಟ. ಯಾರು ಬರೆದುಕೊಟ್ಟರೆಂದು ಕೇಳಿದೆ. ಅವಳು ತಲೆ ತಗ್ಗಿಸಿದಳು. "ಸ್ಮೃತಿನೇ ಸಾರ್. ನಾನು ಕೇಳೂ ಇರ್ಲಿಲ್ಲ. ಅದಕ್ಕೇ ಇನ್ನೂ ಹೊಟ್ಟೆ ಉರೀತದೆ."