ಬಸ್ರಾದಿಂದ ಬಂದ ಮೌನಿಬುವಾ

ನಮ್ಮ ಮನೆಯವರು ಮೌನವ್ರತ ಹಿಡಿದಿರಲಿಲ್ಲ. ಅವರಿಗೆ ಮಾತಾಡುವುದು ಬೇಡವಾಗಿತ್ತು, ಸುಮ್ಮನಿದ್ದರು. ಉಳಿದದ್ದೆಲ್ಲ ನಮ್ಮ ಅತ್ತೆ ಹೇಳಿದ ಒಂದು ಸುಳ್ಳು. ಅದನ್ನು ಇಡೀ ವಾಡೆ ಸೇರಿ ನಾಲ್ಕು ತಿಂಗಳು ಹಾಲು ಹಾಕಿ ಸಾಕಿತು. ಪುಣೆಯ ಆ ಪೇಟೆಯ ಕಡೆ ಹೋದರೆ, ನಿಮ್ಮ ಯಜಮಾನರು ದೊಡ್ಡ ತಪಸ್ವಿಗಳು ಎನ್ನುವ ಮುದುಕಿಯರು ಈಗಲೂ ಒಬ್ಬಿಬ್ಬರು ಸಿಗುತ್ತಾರೆ. ತಪಸ್ವಿಯೂ ಅಲ್ಲ, ಏನೂ ಅಲ್ಲ. ಅವರ ಗೊರಕೆ ಕೇಳಿದವಳು ನಾನು.

ಮೊದಲನೆಯ ದೊಡ್ಡ ಲಡಾಯಿಯ ಕಾಲ ಅದು. ನಾವು ಧಾರವಾಡದ ಕಡೆಯವರು. ಮಾವನವರು ಇದ್ದಾಗಲೇ ಪುಣೆಗೆ ಬಂದು, ಅಂಗಳದ ಸುತ್ತ ಹತ್ತಾರು ಬಿಡಾರಗಳಿದ್ದ ಒಂದು ವಾಡೆಯ ಮಾಳಿಗೆಯಲ್ಲಿ ಎರಡು ಖೋಲಿ ಹಿಡಿದಿದ್ದೆವು. ಇವರು ಸರಕಾರಿ ಕಚೇರಿಯಲ್ಲಿ ಕಾರಕೂನರು. ದಂಡಿನ ಜೊತೆ ಹೋಗಿ ಬರೆಯುವ ಕೆಲಸಕ್ಕೆ ಜನ ಬೇಕು, ಪಗಾರ ಹೆಚ್ಚು ಎಂದು ಸಾಹೇಬ ಹೇಳಿದಾಗ ಇವರು ಹೆಸರು ಕೊಟ್ಟರು. ಇವರ ಬೆನ್ನಿಗೇ ಕೆಳಗಿನ ಖೋಲಿಯ ಕಾಕುವಿನ ಮಗನೂ ಕೊಟ್ಟ.

ಕಾಕು ನಮಗೆ ನೆಂಟಳಲ್ಲ, ವಾಡೆಗೆಲ್ಲ ಕಾಕು. ವಿಜಾಪುರದ ಕಡೆಯ ವಿಧವೆ. ಊಟದ ಪತ್ರಾವಳಿ ಹಚ್ಚಿ ಮಾರಿ ಆ ಒಬ್ಬ ಮಗನನ್ನು ಓದಿಸಿದ್ದಳು. ಮಗ ಚೇಷ್ಟೆಗಾರ. ನಮ್ಮ ಅತ್ತೆ ನಡೆಯುವ ರೀತಿಯನ್ನು ಅವಳ ಬೆನ್ನ ಹಿಂದೆಯೇ ನಡೆದು ತೋರಿಸುತ್ತಿದ್ದ. ತಾಯಿಯನ್ನಂತೂ ಒಂದು ದಿನವೂ ಕಾಡಿಸದೆ ಬಿಟ್ಟವನಲ್ಲ.

ಇಬ್ಬರೂ ಹಡಗು ಹತ್ತಿ ಅರಬರ ಸೀಮೆಯ ಬಸ್ರಾ ಎಂಬ ಊರಿಗೆ ಹೋದರು. ವಾಡೆಯವರ ಪ್ರಕಾರ ಇಬ್ಬರೂ ದಿನಾ ತುರ್ಕರ ಮೇಲೆ ಗುಂಡು ಹಾರಿಸುತ್ತಿದ್ದರು. ಖರೆ ಕೆಲಸವೆಂದರೆ ದಂಡಿನ ಹೇಸರಗತ್ತೆಗಳಿಗೆ ಎಷ್ಟು ಹುಲ್ಲು ಹೋಯಿತು ಎಂದು ತೂಗಿ ಬರೆದಿಡುವುದು. ಕತ್ತೆ ತಿಂದದ್ದನ್ನು ಬರೆಯಲಿಕ್ಕೆ ಸಮುದ್ರ ದಾಟಬೇಕೇ ಎಂದು ಇವರು ಹೊರಡುವ ಮೊದಲೇ ನಾನು ಕೇಳಿದ್ದುಂಟು. ಪಗಾರ ಹೆಚ್ಚು ಎಂದಷ್ಟೇ ಅಂದರು. ಆಗಲೂ ಮಾತು ಕಡಿಮೆಯೇ.

ಎರಡು ಬೇಸಿಗೆ ಕಳೆದ ಮೇಲೆ ಕಾಕುವಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತು. ಎದುರಿನ ಖೋಲಿಯ ಮಾಸ್ತರರು ಓದಿದರು: ಮಗ ಜಡ್ಡಿನಿಂದ ತೀರಿಕೊಂಡ. ಆದರೆ ಬರೆದ ಪುಣ್ಯಾತ್ಮ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚು ಹಾಕಿ ಎರಡು ಅಕ್ಷರ ನುಂಗಿದ್ದ. ಕಾಕು ಆ ಹೆಸರನ್ನು ಮೂರು ಸಲ ಓದಿಸಿಕೊಂಡಳು.

"ಇದು ಯಾರದೋ ಹೆಸರು. ನನ್ನ ಮಗಂದಲ್ಲ" ಎಂದಳು. ಕಾಗದವನ್ನು ಮಡಚಿ ಮಾಸ್ತರರ ಕೈಗೇ ಕೊಟ್ಟಳು. "ಪಾಪ, ಅವನ ತಾಯಿಗೆ ಮುಟ್ಟಸ್ರಿ."

ಅಳಲಿಲ್ಲ, ಸೂತಕ ಹಿಡಿಯಲಿಲ್ಲ. ಜೊತೆಗೆ ಹೋದವನು ಬಂದು ಬಾಯಿಬಿಟ್ಟು ಹೇಳುವವರೆಗೆ ತನ್ನ ಮಗ ಇದ್ದಾನೆ ಎಂದು ಕೂತಳು. ಮೂಢತನ ಎಂದು ಎಲ್ಲರೂ ಅಂದರು. ನಾನೂ ಅಂದೆ.

ಮರುವರ್ಷ ಲಡಾಯಿ ಮುಗಿದು, ಪಂಢರಪುರಕ್ಕೆ ಹೊರಟ ಪಾಲಖಿಗಳು ಪುಣೆಗೆ ಬಂದಿಳಿದ ದಿನವೇ ಇವರೂ ಬಂದರು. ರಸ್ತೆಯ ತುಂಬ ವಾರಕರಿಗಳ ತಾಳ, ಮೃದಂಗ. ಅದರ ನಡುವೆ ಒಂದು ಟ್ರಂಕು ಹೊತ್ತುಕೊಂಡು ಒಬ್ಬ ಮನುಷ್ಯ. ಅತ್ತೆ ಆರತಿ ಎತ್ತಿದಳು. ಸಮುದ್ರ ದಾಟಿದ ಪಾಪಕ್ಕೆ ಆಚಾರ್ಯರನ್ನು ಕರೆಸಿ ಪಂಚಗವ್ಯ ಕುಡಿಸಿದಳು. ಗಟಗಟ ಕುಡಿದರು, ಇನ್ನೊಂದು ಬಟ್ಟಲು ಕೊಟ್ಟಿದ್ದರೂ ಕುಡಿಯುತ್ತಿದ್ದರೋ ಏನೋ. ಆದರೆ ಮಾತಿಲ್ಲ. ಊಟಕ್ಕೆ ಕೂತರೆ 'ಸಾಕು', ಕರೆದರೆ 'ಹೂಂ'. ಅವೆರಡೇ.

ಎರಡನೆಯ ದಿನ ಕಾಕು ಮೆಟ್ಟಿಲು ಹತ್ತಿ ಬಂದು ಇವರ ಎದುರಿಗೆ ಕೂತಳು.

"ತಮ್ಮಾ, ನನ್ನ ಮಗಾ ಎಲ್ಲಿ?"

ಇವರು ತಮ್ಮ ಕಾಲ್ಬೆರಳು ನೋಡಿಕೊಂಡರು. ಕಾಕು ಇನ್ನೊಮ್ಮೆ ಕೇಳಿದಳು. ಇವರು ಧೋತರದ ಅಂಚನ್ನು ಕಾಲ ಮೇಲೆ ಎಳೆದುಕೊಂಡರು. ಬಾಗಿಲಲ್ಲಿ ಆಗಲೇ ನಾಲ್ಕು ಮಂದಿ ಹೆಂಗಸರು ಜಮಾಯಿಸಿದ್ದರು. ಮಗನಿಗೆ ಹುಚ್ಚು ಹಿಡಿದಿದೆ ಎಂದು ಊರು ಮಾತಾಡೀತೆಂದು ಅತ್ತೆಗೆ ಗಾಬರಿ. ತಟ್ಟನೆ ಅಂದಳು:

"ಅವಾ ಮೌನ ಹಿಡದಾನ್ರಿ. ಚಾತುರ್ಮಾಸದ ನೇಮ."

"ಚಾತುರ್ಮಾಸ ಇನ್ನೂ ಏಕಾದಶಿಗೆ ಸುರು ಆಗ್ತದಲ್ಲ, ವೈನಿ?" ಎಂದಳು ಕಾಕು.

"ಮದಲ ಒಂದಿಷ್ಟು ರೂಢಿ ಆಗ್ಲಿ ಅಂತ."

ಕಾಕು ಬೆರಳು ಮಡಚಿ ತಿಂಗಳು ಎಣಿಸಿದಳು. "ಹಂಗಾರ ತುಳಸಿ ಲಗ್ನದ ದಿವಸ ಬಿಡ್ತಾನ. ಆವತ್ತ ಕೇಳ್ತೀನಿ. ನೇಮ ಮುರಿದ ಪಾಪ ನನಗ ಯಾಕ?" ಎಂದು ಎದ್ದು ಹೋದಳು.

ಇವರ ಮುಖ ನೋಡಬೇಕಿತ್ತು. ಮೂರು ವರ್ಷದಲ್ಲಿ ಯಾರೂ ಅವರಿಗೆ ಅಂಥ ಉಪಕಾರ ಮಾಡಿರಲಿಲ್ಲ. ಅಂದಿನಿಂದ 'ಹೂಂ', 'ಸಾಕು' ಕೂಡ ಬಿಟ್ಟರು. ಬೇಡವಾದರೆ ಎಲೆಯ ಮೇಲೆ ಅಡ್ಡ ಕೈ.

ಕಚೇರಿಗೆ ಮಾತಿಲ್ಲದೆ ಹೇಗೆ ಹೋಗುತ್ತಾರೆ ಎಂದು ನನಗೆ ಚಿಂತೆ ಇತ್ತು. ಚಿಂತೆ ಮಾಡಿದ್ದು ದಂಡ. ಸಾಹೇಬ ಬೈದಾಗ ಎದುರು ಮಾತಾಡದ ಕಾರಕೂನ ಇವರೊಬ್ಬರೇ ಆದರು. ದಸರೆಯೊಳಗೆ ಬಡತಿ ಸಿಕ್ಕಿತು.

ಮರಾಠಿ ಹೆಂಗಸರು ಇವರಿಗೆ ಮೌನಿಬುವಾ, ಅಂದರೆ ಮೌನಿಸ್ವಾಮಿ, ಎಂದು ಹೆಸರಿಟ್ಟರು. ಪಕ್ಕದ ವಾಡೆಗಳಿಂದ ದರ್ಶನಕ್ಕೆ ಬರತೊಡಗಿದರು. ಒಬ್ಬಾಕೆ ಮಗಳ ಸಂಬಂಧ ಗೊತ್ತು ಮಾಡಲೋ ಬೇಡವೋ ಎಂದು ಕೈ ಮುಗಿದು ಕೇಳಿದಳು. ಇವರಿಗೆ ನೆಗಡಿ, ಸರಿಯಾಗಿ ಆಗಲೇ ಸೀನಿದರು. ಆಕೆ ಸಂಬಂಧ ಬಿಟ್ಟಳು. ಆ ವರ ಕುಡುಕನೆಂದು ಎಂಟೇ ದಿನಕ್ಕೆ ಬಯಲಾಯಿತು. ಅಲ್ಲಿಗೆ ನಮ್ಮ ಮನೆಯಲ್ಲಿ ತೆಂಗಿನಕಾಯಿ ಇಡಲು ಜಾಗವಿಲ್ಲದಂತಾಯಿತು. ಶ್ರಾವಣ ಪೂರ್ತಿ ನಾನು ಕಾಯಿ ಒಡೆದದ್ದೇ ಒಡೆದದ್ದು. ಚಟ್ನಿ ತಿಂದು ತಿಂದು ಅತ್ತೆಗೆ ಪಿತ್ತವಾಯಿತು. ಸುಳ್ಳಿನ ಫಲ ಅದು ಎಂದು ನಾನು ಅಂದದ್ದನ್ನು ಅವಳು ಕೇಳಿಸಿಕೊಳ್ಳಲಿಲ್ಲ.

ಕಾಕು ಮಾತ್ರ ದರ್ಶನಕ್ಕೆ ಬರಲಿಲ್ಲ. ಅಂಗಳದಲ್ಲಿ ಕೂತು ಪತ್ರಾವಳಿ ಹಚ್ಚುತ್ತ, ಇವರು ಕಚೇರಿಗೆ ಹೊರಟಾಗ ಒಮ್ಮೆ ತಲೆಯೆತ್ತಿ ನೋಡುತ್ತಿದ್ದಳು. ನನಗೆ ಸಿಕ್ಕರೆ, ಇನ್ನು ಎಷ್ಟು ದಿನ ಉಳಿಯಿತು ಎಂದು ಹೇಳುತ್ತಿದ್ದಳು. ಕೇಳುತ್ತಿರಲಿಲ್ಲ, ಹೇಳುತ್ತಿದ್ದಳು. "ಇನ್ನ ನಲವತ್ತು." "ಇನ್ನ ಇಪ್ಪತ್ತೆರಡು." ದೀಪಾವಳಿಯ ಹೊತ್ತಿಗೆ ನನಗೆ ಅವಳ ಎದುರು ಹೋಗಲು ಕಾಲು ಬರದಾಯಿತು.

ಹಬ್ಬ ಕಳೆದ ಒಂದು ಆದಿತ್ಯವಾರ, ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿ ಇವರನ್ನು ಕಾಗೆ ಕಾಯಲು ಕೂರಿಸಿದ್ದೆ. ನಾನು ಹೋಗುವಷ್ಟರಲ್ಲಿ ಮೂರು ಹಪ್ಪಳ ಹೋಗಿದ್ದವು. ಹುಶ್ ಎಂದರೆ ವ್ರತ ಕೆಡುತ್ತದಲ್ಲ.

"ಕಾಗಿ ಮುಂದಾದರೂ ಬಾಯಿ ಬಿಡ್ರಿ" ಎಂದೆ. "ಇಲ್ಲಿ ನಾ ಒಬ್ಬಾಕಿನ ಇದ್ದೀನಿ. ಕಾಕು ಮಗಾ ಹೋದ್ನೇನು?"

ತಲೆ ಆಡಿಸಿದರು.

"ನೀವು ಕಣ್ಣಾರೆ ನೋಡೀರೇನು?"

ಅದಕ್ಕೂ ಹೌದೆಂದೇ ತಲೆ ಆಡಿಸಿದರು.

"ಮತ್ತ ಅಕಿಗೆ ಹೇಳಲಿಕ್ಕೆ ಏನು ಧಾಡಿ? ಆ ಮುದುಕಿ ದಿವಸ ಎಣಸ್ಲಿಕ್ಕೆ ಹತ್ತ್ಯಾಳ."

ಆಗ ಮಾತಾಡಿದರು. ನಾಲ್ಕು ತಿಂಗಳ ಮೇಲೆ ದನಿ ತುಕ್ಕು ಹಿಡಿದ ಕೀಲಿಯ ಹಾಗಿತ್ತು. "ಹೋದಾ ಅಂದ್ರ, ಕಡೀಕ ಏನಂದಾ ಅಂತ ಕೇಳ್ತಾಳ."

"ಹೇಳ್ರಿ."

"ಹೇಳೂ ಹಂಥಾ ಮಾತಲ್ಲ."

"ಬೈದ್ನೇನು?"

"ಬೈದಂಗಽ."

ಸುಳ್ಳು ನಮ್ಮ ಮನೆಯಲ್ಲಿ ಆಗಲೇ ಒಂದಿತ್ತು, ಇನ್ನೊಂದಕ್ಕೆ ಜಾಗ ಮಾಡಬಹುದು. "'ಅವ್ವಾ' ಅಂದಾ ಅಂತ ಹೇಳಿಬಿಡ್ರಿ. ಸಾಯೋರೆಲ್ಲಾ ಅನ್ನೂದು ಅದನ್ನ."

"ಅಕಿ ನಂಬೂದಿಲ್ಲ" ಎಂದರು. "ಅವನ ಬಾಯಾಗ ಅಂಥಾ ಮಾತು ಎಂದಾರ ಬಂದಿತ್ತೇನು?"

ಅದು ಖರೆ. ಅಷ್ಟು ಹೇಳಿ ಮತ್ತೆ ಬಾಯಿ ಮುಚ್ಚಿದರು. ನಾಲ್ಕನೆಯ ಹಪ್ಪಳವೂ ಹೋಯಿತು.

ತುಳಸಿ ಲಗ್ನ ಬಂತು. ಸಂಜೆಯ ಬೆಳಕು ಇರುವಾಗಲೇ ಅಂಗಳದ ತುಳಸಿಕಟ್ಟೆಗೆ ಕಬ್ಬು ಕಟ್ಟಿದರು. ಪೇಟೆಯ ಅರ್ಧ ಜನ ನಮ್ಮ ಅಂಗಳದಲ್ಲಿ. ತುಳಸಿಯ ಲಗ್ನಕ್ಕಲ್ಲ, ಇವರ ಮೊದಲ ಮಾತಿಗೆ. ಮೌನದ ನೇಮ ಮುಗಿಸುವಾಗ ಘಂಟೆ ದಾನ ಕೊಡಬೇಕಂತೆ; ಅತ್ತೆ ದೇವರ ಮನೆಯ ಹಳೆಯ ಘಂಟೆಯನ್ನು ಹುಣಸೇಹಣ್ಣು ಹಚ್ಚಿ ತಿಕ್ಕಿ ಹೊಸದು ಮಾಡಿದ್ದಳು. ಬಾಯಿ ಬಿಟ್ಟ ಕೂಡಲೇ 'ನಾರಾಯಣ' ಎನ್ನಬೇಕೆಂದು ಬೆಳಿಗ್ಗೆಯಿಂದ ಇವರ ಕಿವಿಯಲ್ಲಿ ಊದಿದ್ದಳು.

ಲಗ್ನ ಮುಗಿಯಿತು. ಆಚಾರ್ಯರು ಘಂಟೆ ತೆಗೆದುಕೊಂಡು, ಇನ್ನು ಮಾತಾಡಬಹುದು ಎಂದರು. ಜನರೆಲ್ಲ ಮುಂದಕ್ಕೆ ಬಾಗಿದರು. ಎಲ್ಲರಿಗಿಂತ ಮುಂದೆ, ಕಟ್ಟೆಯ ಬುಡದಲ್ಲಿ, ಕಾಕು.

ಇವರು ನಾರಾಯಣ ಎನ್ನಲಿಲ್ಲ. "ಕಾಕು" ಎಂದರು.

"ಹೇಳಪಾ. ಅದಾನೇನು?"

"ಇಲ್ಲ."

"ಕಾಗದದಾಗಿನ ಹೆಸರು?"

"ತಪ್ಪ ಬರದಾರ. ಅವನದ. ಜ್ವರ ಬಂತು, ಮೂರ ದಿವಸ. ನಾ ಬಾಜೂಕ ಇದ್ದೆ."

ಕಾಕುವಿನ ಮುಖದಲ್ಲಿ ಏನೂ ಕಾಣಲಿಲ್ಲ. "ನೀ ಒಳ್ಳೆ ಮನಶ್ಯಾ. ಯಾವನೋ ಸಾಯೂದ ನೋಡಿ ನನ್ನ ಮಗಾ ಅಂದಿದ್ದೀ. ಕಡೀಕ ಏನಂದಾ ಅದನ್ನ ಹೇಳು. ನನ್ನ ಮಗಾ ಹೌದೋ ಅಲ್ಲೋ ನಾ ಹೇಳ್ತೀನಿ."

ಇವರು ನನ್ನ ಕಡೆ ನೋಡಿದರು. ನಾನು ಹೇಳಿರಿ ಎಂದು ಕೈ ಮಾಡಿದೆ. ಮಾಡಬೇಕಿತ್ತೋ ಇಲ್ಲವೋ, ಮಾಡಿದೆ.

"ಕಾಕು, ಹೋಗೂ ಮುಂದ ನೀವು ಒಂದ ಡಬ್ಬಿ ಶೇಂಗಾದುಂಡಿ ಕಟ್ಟಿ ಕೊಟ್ಟಿದ್ರಿ. ಅದರಾಗ ನಾಕ ಉಳದಿದ್ದವು. ಅವನ್ನ ತೋರಿಸಿ ಅಂದಾ, 'ನಾ ಹೋದ ಮ್ಯಾಲ ತುರ್ಕರು ಮೈಮ್ಯಾಲ ಬಂದ್ರ ಗುಂಡು ಹಾಳ ಮಾಡಬ್ಯಾಡ್ರಿ. ನಮ್ಮವ್ವನ ಉಂಡಿ ಒಗೀರಿ. ತಲಿಗೊಂದರಂಗ ಸಾಕು.' ಹಿಂಗಂದು ನಕ್ಕಾ. ನಾ ನೀರು ತರೂದ್ರಾಗ ಹೋಗಿದ್ದಾ."

ಕಾಕುವಿನ ಉಂಡಿಯ ವಿಷಯ ತಿಂದವರಿಗೆಲ್ಲ ಗೊತ್ತಿದ್ದದ್ದೇ. ಅವಳೆದುರು ಆಡುವ ಧೈರ್ಯ ಯಾರಿಗೂ ಇರಲಿಲ್ಲ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುವಿಗೋ ನಗುವಿಗೋ, ನಾನು ಕೇಳಲಿಲ್ಲ.

"ಆವತ್ತ ಬೆಲ್ಲದ ಪಾಕ ಏರಿತ್ತು" ಎಂದಳು ಕಾಕು, ನಿಧಾನವಾಗಿ. "ನೀನಽ ಬಾಗಲದಾಗ ನಿಂತು ಗಾಡಿ ತಪ್ಪತದ, ಗಾಡಿ ತಪ್ಪತದ ಅಂತ ಒದರಲಿಕ್ಕೆ ಹತ್ತಿದ್ದಿ. ಇಲ್ಲಂದ್ರ ನನ್ನ ಉಂಡಿ ಹಂಗ ಆಗೂವಲ್ಲ."

"ಹೌದ್ರಿ, ಕಾಕು."

"ಆ ನಾಕು ಏನ ಮಾಡಿದಿ?"

"ತಿಂದೆ."

"ಹಲ್ಲು?"

"ಒಂದ ಹೋತು." ಇವರು ಬಾಯಿ ತೆರೆದು ತೋರಿಸಿದರು. ಬಲಗಡೆ ಒಂದು ದವಡೆಹಲ್ಲಿನ ಜಾಗ ಖಾಲಿ. ನನಗೇ ಗೊತ್ತಿರಲಿಲ್ಲ, ಬಂದಾಗಿನಿಂದ ಬಾಯಿ ತೆರೆದಿದ್ದರೆ ತಾನೇ. ಅಷ್ಟು ದೊಡ್ಡ ಲಡಾಯಿಯಲ್ಲಿ ಇವರಿಗೆ ಆದ ಗಾಯ ಅದೊಂದೇ.

ಕಾಕು ಬಗ್ಗಿ ಆ ಹಲ್ಲಿನ ಜಾಗ ನೋಡಿದಳು. ನಕ್ಕಳು. ಚಿಕ್ಕ ನಗೆ, ಮೂಗಿನಿಂದ ಬಂದದ್ದು. "ಇವಾ ನನ್ನ ಮಗಾನ. ಇಂಥಾ ಮಾತು ಇನ್ನೊಬ್ಬಾಕಿ ಹೊಟ್ಟ್ಯಾಗ ಹುಟ್ಟೂದಿಲ್ಲ" ಎಂದಳು. ಆಮೇಲೆ ಕಟ್ಟೆ ಹಿಡಿದು ಎದ್ದು ನನ್ನನ್ನು ಕರೆದಳು. "ಬಾ, ತಂಗಿ. ನನ್ನ ತಲಿಮ್ಯಾಲ ನೀರು ಹಾಕು."

ಬಚ್ಚಲಿನಲ್ಲಿ ನಾನು ಕೊಡ ಎತ್ತಿ ಸುರಿದೆ. ಒಂದು ಸಾಕೆ ಎಂದು ಕೇಳಿದರೆ, ಹಾಕು ಎಂದಳು. ನಾಲ್ಕು ಕೊಡ ಆದವು. ಅತ್ತಳೋ ಇಲ್ಲವೋ ನೀರಿನಲ್ಲಿ ತಿಳಿಯಲಿಲ್ಲ. ನಾವು ಹೊರಗೆ ಬರುವಷ್ಟರಲ್ಲಿ ಅಂಗಳ ಖಾಲಿ. ಇಷ್ಟು ದಿನ ಕಾದದ್ದಕ್ಕೆ ಬುವಾ ಒಂದು ವೇದಾಂತವನ್ನೂ ಹೇಳಲಿಲ್ಲ, ಉಂಡಿಯ ಮಾತಾಡಿದ ಎಂದು ಜನ ಗೊಣಗುತ್ತ ಹೋದರೆಂದು ಅತ್ತೆ ಹೇಳಿದಳು. ಅವಳಿಗೆ ಘಂಟೆ ಹೋದದ್ದೇ ಸಂಕಟ.

ಇವರು ಆಮೇಲೆ ಎಲ್ಲರ ಹಾಗೆ ಮಾತಾಡಿದರು. ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟರು, ನನ್ನ ಸಾರಿಗೆ ಉಪ್ಪು ಕಡಿಮೆ ಎಂದು ಜಗಳವಾಡಿದರು. ಬಸ್ರಾದ ವಿಷಯ ಮಾತ್ರ ಆ ಸಂಜೆ ಆಡಿದ್ದೇ ಮೊದಲು, ಆಡಿದ್ದೇ ಕೊನೆ. ಮೊಮ್ಮಕ್ಕಳು ಲಡಾಯಿಯ ಕಥೆ ಹೇಳಿರೆಂದು ಕೊರಳಿಗೆ ಬಿದ್ದರೆ, ಹೇಸರಗತ್ತೆ ದಿನಕ್ಕೆ ಎಷ್ಟು ಹುಲ್ಲು ತಿನ್ನುತ್ತದೆ ಎಂದು ಹೇಳಿ ಮಲಗಿಸುತ್ತಿದ್ದರು. ನಾನೂ ಕೆದಕಿ ಕೇಳಲಿಲ್ಲ. ಕೇಳಬೇಕಾಗಿದ್ದವಳು ಕೇಳಿ ಮುಗಿಸಿದ್ದಳು.

ತುಳಸಿ ಲಗ್ನದ ಮರುದಿನ ಬೆಳಿಗ್ಗೆ ನಾನು ಬೇಗ ಎದ್ದು, ಜೋಳದ ಹಿಟ್ಟು ನಾದಿ ಆರು ಭಕ್ಕರಿ ಬಡಿದೆ, ಕಡಲೆಹಿಟ್ಟಿನ ಝುಣಕಾ ಒಂದಿಷ್ಟು ತಿರುವಿದೆ. ಸೂತಕದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಪಕ್ಕದವರು ಒಯ್ಯಬೇಕು. ವರ್ಷಕ್ಕೂ ಮೇಲೆ ತಡವಾಗಿತ್ತು. ಬುಟ್ಟಿಗೆ ಬಟ್ಟೆ ಮುಚ್ಚಿ ಕೆಳಗೆ ಒಯ್ದು ಕಾಕುವಿನ ಮುಂದಿಟ್ಟೆ. ಅವಳು ಎರಡು ತಿಂದು ಕೈ ತೊಳೆಯುವವರೆಗೆ ಅಲ್ಲೇ ಕೂತೆ.