ದಿನಕ್ಕೊಂದು ಡಬ್ಬಿ

ಸಿರಿಲ್ ಎಂಟ್ವಿಸಲ್ ಎಪ್ಪತ್ತು ದಾಟುವವರೆಗೆ ಒಂದು ಮೊಟ್ಟೆಯನ್ನೂ ಬೇಯಿಸಿದವನಲ್ಲ. ಅದರ ಬಗ್ಗೆ ಅವನಿಗೆ ನಾಚಿಕೆಯೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಇಂಗ್ಲೆಂಡಿನ ಈ ನಮ್ಮ ಹ್ಯಾಸ್ಲಿಂಗ್ಡನ್ ಊರಿನಲ್ಲಿ ಅವನ ಓರಗೆಯ ಗಂಡಸರೆಲ್ಲ ಹಾಗೇ. ಚಪ್ಪಲಿ ಕಾರ್ಖಾನೆಯಲ್ಲಿ ದುಡಿದು ಮನೆಗೆ ಬಂದರೆ ಹೆಂಡತಿ ನೋರಾ ತಟ್ಟೆ ಇಡುತ್ತಿದ್ದಳು, ಅವನು ತಿನ್ನುತ್ತಿದ್ದ. ತಟ್ಟೆಯಲ್ಲಿ ಎಷ್ಟಿದೆ ಎಂದು ಕೇಳುವುದು ಅವಳ ಮರ್ಯಾದೆ ತೆಗೆದ ಹಾಗೆ ಎಂದು ತಿಳಿದಿದ್ದ. ನೋರಾ ಸತ್ತ ಮೇಲೆ ಮೀನು-ಚಿಪ್ಸ್ ಅಂಗಡಿಯೇ ಅವನ ಅಡುಗೆಮನೆಯಾಯಿತು. ಒಂದೇ ಚಳಿಗಾಲದಲ್ಲಿ ಊದಿಕೊಂಡ.

ಊದಿಕೊಂಡರೆ ಯಾರಿಗೇನು ನಷ್ಟ? ಆದರೆ ಅವನ ಎಡಸೊಂಟದ ಕೀಲು ಸವೆದು ಹೋಗಿತ್ತು. ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲ್ಸ್ ಆಟ ಆಡುವವನಿಗೆ ಸೊಂಟವೇ ಇಲ್ಲದಿದ್ದರೆ ಏನುಳಿಯಿತು? ಬಗ್ಗಿ ಹುಲ್ಲಿಗೆ ಕೈ ತಾಗುವಷ್ಟು ಕೆಳಗಿಂದ ಚೆಂಡು ಬಿಡಬೇಕು. ಅವನು ಮೈದಾನದ ಬೆಂಚಿನ ಮೇಲೆ ಕೂತು, ತನಗಿಂತ ಕೆಟ್ಟದಾಗಿ ಆಡುವವರನ್ನು ನೋಡುತ್ತಾ ಹಲ್ಲು ಕಡಿಯುತ್ತಿದ್ದ. ಶಸ್ತ್ರಚಿಕಿತ್ಸೆಯ ವೈದ್ಯರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಈಗಿನ ಹದಿನಾರು ಸ್ಟೋನ್ ತೂಕ ಹದಿಮೂರಕ್ಕೆ, ಅಂದರೆ ನಲವತ್ತೆರಡು ಪೌಂಡು, ಇಳಿಯಲಿ, ಕೀಲು ಬದಲಿಸುತ್ತೇನೆ, ಇಲ್ಲದಿದ್ದರೆ ಇಲ್ಲ. ನರ್ಸು ದಿನಕ್ಕೆ ಸಾವಿರದ ಎಂಟುನೂರು ಕ್ಯಾಲೊರಿ ಎಂದು ಗೊತ್ತುಮಾಡಿ, ನಮ್ಮ ತೂಕ ಇಳಿಸುವ ಕ್ಲಬ್ಬಿಗೆ ಕಳಿಸಿದಳು.

ನಮ್ಮ ಕ್ಲಬ್ಬು ಸೇರುವುದು ಗುರುವಾರ ಸಂಜೆ, ಚಾಪೆಲ್ಲಿನ ಹಿಂದಿನ ಹಾಲ್‌ನಲ್ಲಿ. ನಡೆಸುವವಳು ಲೊರೇನ್. ತಾನು ಐದು ಸ್ಟೋನ್ ಇಳಿಸಿದವಳೆಂಬ ಜಂಬ ಅವಳ ಹೆಜ್ಜೆ ಹೆಜ್ಜೆಯಲ್ಲೂ ಇತ್ತು. ತಕ್ಕಡಿಯ ಪಕ್ಕ ಕೂತು ಕಾರ್ಡು ಬರೆಯುವವಳು ನಾನು, ಬೆರಿಲ್. ಡಿಸೆಂಬರಿನ ಚಳಿಯಲ್ಲೂ ಬೇಸಿಗೆಯ ತೆಳು ಫ್ರಾಕು ತೊಟ್ಟು ಬರುವ, ಕಿವಿಯೋಲೆ ಕಳಚಿಟ್ಟು ತಕ್ಕಡಿ ಹತ್ತುವ ಹೆಂಗಸರನ್ನು ವರ್ಷಗಟ್ಟಲೆ ನೋಡಿದ್ದೇನೆ. ಒಬ್ಬಳಂತೂ ಹಲ್ಲಿನ ಸೆಟ್ಟನ್ನೇ ತೆಗೆದು ನನ್ನ ಕೈಗೆ ಕೊಟ್ಟಿದ್ದಳು. ಅಲ್ಲಿಗೆ ಸಿರಿಲ್ ಟೋಪಿ ಕೈಯಲ್ಲಿ ಹಿಡಿದು, ಊರುಗೋಲಿನ ಮೇಲೆ ಭಾರ ಹಾಕಿ ಒಳಗೆ ಬಂದ.

"ನೋಡ್ರೇ, ಕೊನೆಗೂ ಒಂದು ಗಂಡು ಬಂತು," ಅಂದಳು ಪಾಲಿನ್. ನಮ್ಮಲ್ಲೆಲ್ಲ ದಪ್ಪ, ನಮ್ಮಲ್ಲೆಲ್ಲ ಬಾಯಿ ಜೋರು. "ಬೆಲ್ಟ್ ಬಿಚ್ಚಿ ಯಜಮಾನ್ರೇ, ಅರ್ಧ ಪೌಂಡ್ ಕಮ್ಮಿ ಆಗತ್ತೆ."

"ಬಿಚ್ಚಿದ್ರೆ ಪ್ಯಾಂಟೂ ಹೋಗತ್ತೆ ಕಣಮ್ಮ."

"ನಾವೇನು ಅಳಲ್ಲ."

ಅವನು ಕೆಂಪಾದ. ಆದರೆ ಮುಂದಿನ ಗುರುವಾರವೂ ಬಂದ, ಅದರ ಮುಂದಿನದೂ. ಮನೆಯಲ್ಲಿ ಮಾತಾಡಿಸುವವರಿಲ್ಲದವನಿಗೆ ಗೇಲಿಯೂ ಮಾತೇ.

ತೂಕವೋ, ಸರ್ರನೆ ಇಳಿಯತೊಡಗಿತು. ನಾವು ಅರ್ಧ ಪೌಂಡಿಗೆ ದೇವರಿಗೆ ಹರಕೆ ಹೊತ್ತುಕೊಳ್ಳುವವರು, ಅವನು ವಾರಕ್ಕೆ ನಾಲ್ಕು ಪೌಂಡು ಕಳೆಯುತ್ತಿದ್ದ. ಲೊರೇನ್ ಪ್ರತಿವಾರ ಅವನನ್ನು ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸುತ್ತಿದ್ದಳು. ಗುಟ್ಟೇನು ಎಂದು ಕೇಳಿದರೆ, "ಗುಟ್ಟೇನೂ ಇಲ್ಲಪ್ಪ. ಡಬ್ಬಿ ಮೇಲೆ ಬರೆದಿರತ್ತಲ್ಲ, ಅದನ್ನ ನೋಡ್ಕೊಂಡು ತಿನ್ನೋದು," ಅನ್ನುತ್ತಿದ್ದ. ಒಮ್ಮೆ ನನ್ನ ಮೇಜಿನ ಹತ್ತಿರ ಬಗ್ಗಿ, "ಬೆರಿಲ್, ನಿಮ್ಮ ಹೆಂಗಸರ ಗಟ್ಟಿತನ ದೊಡ್ಡದು ಕಣೇ. ಇಷ್ಟರಲ್ಲಿ ಮನೆಗೆಲಸನೂ ಮಾಡ್ತೀರಿ, ಮೊಮ್ಮಕ್ಕಳನ್ನೂ ಎತ್ತಾಡಿಸ್ತೀರಿ. ನನಗೆ ಮೆಟ್ಟಿಲು ಹತ್ತಿದ್ರೆ ಕಣ್ಣು ಕತ್ತಲೆ ಬರತ್ತೆ," ಅಂದ. ಪಾಲಿನ್ ಆಗ ಹಿಂದಿನ ಸಾಲಿನಲ್ಲಿ ಕೂತು ಚೀಲದೊಳಗೆ ಕೈಯಿಟ್ಟು ಬಿಸ್ಕತ್ತು ಮುರಿಯುತ್ತಿದ್ದಳು.

ಆಗಸ್ಟ್ ಹೊತ್ತಿಗೆ ಅವನಿಗೆ ತಿಂಗಳ ಬಹುಮಾನ ಬಂತು: ಒಂದು ಅಡುಗೆ ಪೆಟ್ಟಿಗೆ. ಮೀನು, ತರಕಾರಿ, ಮಸಾಲೆ ಎಲ್ಲ ಅಳೆದು ಕಟ್ಟಿ, ಹೇಗೆ ಬೇಯಿಸಬೇಕು, ತಟ್ಟೆಗೆ ಎಷ್ಟು ಶಕ್ತಿ ಎಂದು ಚೀಟಿಯಲ್ಲಿ ಅಚ್ಚು ಹಾಕಿ ಕೊಡುತ್ತಾರಲ್ಲ, ಅದು. ಮರುವಾರ ಲೊರೇನ್ ಎಲ್ಲರೆದುರು ಕೇಳಿದಳು.

"ಹೇಗಿತ್ತು ಸಿರಿಲ್, ಪೆಟ್ಟಿಗೆ ಊಟ?"

"ಭಾರಿ ಚೆನ್ನಾಗಿತ್ತು. ಆದ್ರೆ ಕೊನೇ ತುಂಡು ಮೀನು ಸ್ವಲ್ಪ ವಾಸನೆ ಹೊಡೀತಿತ್ತು."

"ವಾಸನೆ ಯಾಕೆ ಬರತ್ತೆ? ತಂದ ಎರಡು ದಿನಕ್ಕೆ ಮುಗಿಸಬೇಕಲ್ಲ."

"ಎರಡು ದಿನಕ್ಕಾ? ಒಂದು ತಟ್ಟೆಗೆ ಎರಡು ಸಾವಿರದ ಆರುನೂರು ಇದೆ ಕಣಮ್ಮ. ಎರಡು ತಟ್ಟೆ ಊಟನ ಮೂರು ದಿನಕ್ಕೆ ಪಾಲು ಮಾಡಿ ತಿಂದೆ. ಡಬ್ಬಿ ಊಟವೇ ವಾಸಿ. ಕುರಿಮಾಂಸದ ಪೈ ಸಾವಿರದ ಎಂಟುನೂರ ಎಪ್ಪತ್ತು ಅಷ್ಟೇ, ದಿನಕ್ಕೆ ಒಂದು. ಕೊನೇಲಿ ಒಂದು ಚಮಚ ಬಿಟ್ಟುಬಿಡ್ತೀನಿ, ಮೇಲಿನ ಎಪ್ಪತ್ತಕ್ಕೆ."

ಪಾಲಿನ್ ತನ್ನ ಚೀಲದಿಂದ ಒಂದು ಪೊಟ್ಟಣ ತೆಗೆದು ಅವನ ಮೂಗಿನ ಹತ್ತಿರ ಹಿಡಿದಳು.

"ಇದರಲ್ಲಿ ಎಷ್ಟಿದೆ ಓದು ಮಾರಾಯ."

"ಒಂಬೈನೂರ ಇಪ್ಪತ್ತು."

"ಅದು ಕಿಲೋಜೂಲ್ ಕಣೋ, ಕಿಲೋಜೂಲ್. ಅದನ್ನ ಯಾರು ನೋಡ್ತಾರೆ? ಪಕ್ಕದಲ್ಲಿರೋದು ಕ್ಯಾಲೊರಿ, ಇನ್ನೂರ ಇಪ್ಪತ್ತು. ಅಯ್ಯೋ ದೇವ್ರೆ, ನಾಲ್ಕರಲ್ಲಿ ಒಂದು ಪಾಲು ತಿಂದ್ಕೊಂಡು ಬದುಕಿದಾನಲ್ಲೋ ಇವನು."

ಮೊದಲು ನಕ್ಕವಳು ಅವಳೇ. ಆಮೇಲೆ ಸಾಲು ಸಾಲೇ ನಕ್ಕಿತು. ಕುರ್ಚಿ ಹಿಡಿದು ನಕ್ಕರು, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಈ ದೇಶದ ಪ್ರತಿ ಡಬ್ಬಿಯ ಮೇಲೂ ಎರಡು ಅಂಕೆ ಇರುತ್ತದೆ, ಮೊದಲಿನದನ್ನು ಯಾರೂ ಓದುವುದಿಲ್ಲ ಎಂದು ನಮಗೆ ಹುಟ್ಟಿನಿಂದಲೇ ಗೊತ್ತಿದ್ದ ಹಾಗೆ. ಅಡುಗೆಮನೆಗೆ ಕಾಲಿಡದ ಗಂಡಸಿಗೆ ಅದನ್ನು ಯಾರು ಹೇಳಬೇಕಿತ್ತು? ನೋರಾ ಹೇಳಬಹುದಿತ್ತು. ಅವಳು ಡಬ್ಬಿಯನ್ನೇ ಮನೆಗೆ ತಂದವಳಲ್ಲ. ಸಿರಿಲ್ ಆ ಪೊಟ್ಟಣವನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ಎಲ್ಲರೂ ನಗುತ್ತಿದ್ದಾರೆಂದು ಕೊನೆಗೆ ತಾನೂ ನಕ್ಕ.

"ಸಾಕು ನಿಲ್ಸಿ," ಅಂದೆ. "ಸಿರಿಲ್, ಇವತ್ತು ರಾತ್ರಿಯಿಂದ್ಲೇ ಮೂರು ಹೊತ್ತು ಊಟ ಮಾಡು."

ಲೊರೇನ್ ನನ್ನನ್ನು ದುರುಗುಟ್ಟಿ ನೋಡಿ, ಅವನ ಹೆಗಲ ಮೇಲೆ ಕೈಯಿಟ್ಟಳು. "ಆತುರ ಬೇಡ. ಎಷ್ಟು ಉಳಿದಿದೆ ನಿಂಗೆ? ಆರು ಪೌಂಡು. ಮುಂದಿನ ತಿಂಗಳು ತೂಕ ಇಳಿಸಿದೋರ ಜಿಲ್ಲಾ ಸ್ಪರ್ಧೆ ಇದೆ, ನಿನ್ನ ಹೆಸರು ಕಳಿಸಿದೀನಿ. ಈಗ ತಿಂದ್ರೆ ಎಲ್ಲ ವಾಪಸ್ ಬರತ್ತೆ. ಆಪರೇಷನ್ ಬೇಕೋ ಬೇಡ್ವೋ?"

"ಬೇಕು," ಅಂದ ಸಿರಿಲ್.

"ಮತ್ತೆ?"

ಅವನು ನನ್ನ ಕಡೆ ನೋಡಲಿಲ್ಲ. ಮನೆಗೆ ಬಿಡುವಾಗ ಕಾರಿನಲ್ಲಿ ಬೈದೆ, ಬೇಡಿಕೊಂಡೆ. "ಬಿಡು ಬೆರಿಲ್. ತಪ್ಪಾಗಿ ಇಷ್ಟು ದೂರ ಬಂದಿದೀನಿ, ಇನ್ನು ಆರು ಪೌಂಡು ಬೇಕೂಂತಲೇ ಹೋಗ್ತೀನಿ. ಬರೋ ಬೇಸಿಗೆಗೆ ಬಗ್ಗಬೇಕು ನಾನು," ಅಂದ. ಹಟಮಾರಿ ಮುದುಕ. ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು.

ಜಿಲ್ಲಾ ಸ್ಪರ್ಧೆಯಲ್ಲಿ ಗೆದ್ದ. ಫೋಟೋಕ್ಕೆ ಅವನ ಹಳೆಯ ಪ್ಯಾಂಟಿನ ಒಂದೇ ಕಾಲಿನೊಳಗೆ ಅವನ ಎರಡೂ ಕಾಲು ಇಳಿಸಿದರು. ಊರುಗೋಲು ಕಂಡರೆ ಚಂದವಿರುವುದಿಲ್ಲ ಎಂದು ಲೊರೇನ್ ಅದನ್ನು ಕಿತ್ತುಕೊಂಡು ಪರದೆಯ ಹಿಂದೆ ಇಟ್ಟಳು. ಛಾಯಾಗ್ರಾಹಕ ನಗು ಅನ್ನುವಷ್ಟರಲ್ಲಿ ಸಿರಿಲ್ ವಾಲಿದ. ಅವಳು ಪಕ್ಕದಿಂದ ಸೊಂಟ ಬಳಸಿ ಹಿಡಿದಳು. ಪತ್ರಿಕೆಯಲ್ಲಿ ಅದು ಅಪ್ಪುಗೆಯ ಹಾಗೆ ಕಂಡಿತು.

ಹದಿಮೂರು ಸ್ಟೋನಿಗೆ ಇಳಿದ ಮೇಲೆ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಅವನು ಟೈ ಕಟ್ಟಿಕೊಂಡಿದ್ದ. ತೂಕ ನೋಡಿದ ನರ್ಸು ಶಹಬ್ಬಾಸ್ ಅಂದಳು. ಆಮೇಲೆ ಅರಿವಳಿಕೆ ಕೊಡುವ ಡಾಕ್ಟರು ಬಂದರು, ಚಿಕ್ಕ ವಯಸ್ಸಿನ ಹೆಂಗಸು. ಕೈಬಲ ಅಳೆಯುವ ಒಂದು ಹಿಡಿಕೆ ಕೊಟ್ಟು ಹಿಂಡಿ ಅಂದರು. ಹಿಂಡಿದ. ಕೈ ಊರದೆ ಕುರ್ಚಿಯಿಂದ ಏಳಿ ಅಂದರು. ಅವನು ಎರಡು ಸಲ ಪ್ರಯತ್ನಿಸಿ, ಮೂರನೆಯ ಸಲ ಪ್ರಯತ್ನಿಸುವ ಹಾಗೆ ಮುಖ ಮಾಡಿ ಸುಮ್ಮನೆ ಕೂತ.

"ಎಂಟ್ವಿಸಲ್ ಅವ್ರೇ, ನೀವು ಇಳಿಸಿರೋದು ಕೊಬ್ಬು ಮಾತ್ರ ಅಲ್ಲ. ಕಾಲಿನ ಮಾಂಸನೂ ಹೋಗಿದೆ, ರಕ್ತದಲ್ಲೂ ಏನೂ ಉಳಿದಿಲ್ಲ. ಹೊಸ ಕೀಲು ಹಾಕಿದ್ರೆ ಅದನ್ನ ಎತ್ತಿ ಹಿಡಿಯೋಕೆ ಏನಿದೆ? ಹೀಗೆ ಮಲಗಿಸಿದ್ರೆ ನೀವು ಏಳಲ್ಲ. ಚೆನ್ನಾಗಿ ತಿಂದು ಬೇಸಿಗೆ ಹೊತ್ತಿಗೆ ಬನ್ನಿ, ನೋಡೋಣ."

"ಇಳಿದು ಬಾ ಅಂದ್ರು ನಿಮ್ಮೋರೇ."

"ಇಳೀಬೇಕಿತ್ತು. ಹೀಗಲ್ಲ."

ಅವತ್ತಿನಿಂದ ನಾನು ದಿನಾ ಅಡುಗೆ ಮಾಡಿ ಒಯ್ದೆ. ಬೆಣ್ಣೆ ಹಾಕಿದ ಆಲೂಗಡ್ಡೆ, ಮಾಂಸದ ಸಾರು, ಕಸ್ಟರ್ಡ್. ಅವನು ಫೋರ್ಕಿನಿಂದ ಗೆರೆ ಎಳೆದು ಕಾಲುಭಾಗ ಬೇರೆ ಮಾಡಿ, ಅಷ್ಟನ್ನೇ ತಿಂದು ತಟ್ಟೆ ದೂಡುತ್ತಿದ್ದ. ಎಲ್ಲ ತಿನ್ನು ಅಂದರೆ ಒಂದು ತುತ್ತು ಹೆಚ್ಚು ಹಾಕಿಕೊಂಡು, ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಕಕ್ಕಿ ಬರುತ್ತಿದ್ದ. "ಹೊಟ್ಟೆ ಮರೆತುಬಿಟ್ಟಿದೆ ಕಣೇ," ಅನ್ನುತ್ತಿದ್ದ. ಸರಿಯಾದ ಅಂಕೆ ಈಗ ಅವನಿಗೆ ಬಾಯಿಪಾಠವಾಗಿತ್ತು, ತಿನ್ನಲಿಕ್ಕೆ ಮಾತ್ರ ಆಗುತ್ತಿರಲಿಲ್ಲ. ಫೆಬ್ರವರಿಯಲ್ಲಿ ಎದೆಗೆ ನೆಗಡಿ ಇಳಿಯಿತು. ಕೆಮ್ಮುವುದಕ್ಕೂ ಬಲ ಬೇಕು, ಅದು ಅವನಲ್ಲಿ ಇರಲಿಲ್ಲ. ಆಸ್ಪತ್ರೆಯಲ್ಲಿ ವಾರ ಕಳೆಯುವುದರೊಳಗೆ ಹೋಗಿಬಿಟ್ಟ.

ಮಣ್ಣು ಮಾಡಿದ ಮೇಲೆ ಟೀ ಕೊಟ್ಟಿದ್ದು ಬೌಲ್ಸ್ ಮೈದಾನದ ಪಕ್ಕದ ಕೋಣೆಯಲ್ಲಿ. ಹ್ಯಾಮ್ ಸ್ಯಾಂಡ್‌ವಿಚ್, ಪೋರ್ಕ್ ಪೈ, ಕ್ರೀಮ್ ತುಂಬಿದ ಕೇಕು. ಕ್ಲಬ್ಬಿನವರೆಲ್ಲ ಬಂದಿದ್ದರು, ಯಾರೂ ಲೇಬಲ್ ನೋಡಲಿಲ್ಲ. ಪಾಲಿನ್ ಅಳುತ್ತಲೇ ಎರಡನೆಯ ಕೇಕು ಎತ್ತಿಕೊಂಡಳು. ಲೊರೇನ್ ನನ್ನ ಪಕ್ಕ ಬಂದು ನಿಂತು, ನನ್ನ ಕೈ ಹಿಡಿದಳು. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಬೇಜಾರು ಮಾಡ್ಕೋಬೇಡ ಬೆರಿಲ್," ಅಂದಳು. "ಗುರಿ ಮುಟ್ಟಿಯೇ ಹೋದ ಅಲ್ವಾ, ಪಾಪ. ಎಷ್ಟು ಜನಕ್ಕೆ ಆಗತ್ತೆ ಅದು?"

ಸುತ್ತ ನಿಂತವರು ಹೌದೆಂದು ತಲೆಯಾಡಿಸಿದರು.