ನಿಂತು ಇಳಿದ ಬೆಟ್ಟ

ಇವತ್ತು ಬೆಳಿಗ್ಗೆ ಅತ್ತೆಯನ್ನು ಬೆಟ್ಟದ ಬುಡಕ್ಕೆ ಕರೆದುಕೊಂಡು ಹೋಗಬೇಕಿತ್ತು. ಮಂಡಿಯ ಆಪರೇಷನ್ ಆದಮೇಲೆ ಅವಳು ಅಷ್ಟು ದೂರ ಹೊರಟಿದ್ದು ಇದೇ ಮೊದಲು. ಮಂಜು ಎಷ್ಟೊತ್ತಿಗೆ ಕರಗಬಹುದು ನೋಡೋಣವೆಂದು ಫೋನ್ ತೆಗೆದರೆ ಅದು ಎಂದಿನಂತೆ ಎರಡು ಊರುಗಳ ಹವಾಮಾನ ತೋರಿಸಿತು. ಮೇಲೆ ಮಧುಗಿರಿ, ನಿರ್ಮಲ ಆಕಾಶ. ಕೆಳಗೆ ಔಲಿ, ಹಿಮ ಬೀಳುವ ಸಾಧ್ಯತೆ ಅರ್ಧಕ್ಕರ್ಧ. ಔಲಿಗೂ ನನಗೂ ಈಗ ಯಾವ ವ್ಯವಹಾರವೂ ಇಲ್ಲ. ಆದರೂ ಆ ಹೆಸರನ್ನು ಅಳಿಸಲು ಕೈ ಬರುವುದಿಲ್ಲ. ನೀವೂ ಎಂದೋ ಬಿಟ್ಟುಬಂದ ಊರಿನ ಕೊನೇ ಬಸ್ಸಿನ ವೇಳೆಯನ್ನು ಇನ್ನೂ ತಲೆಯಲ್ಲಿ ಇಟ್ಟುಕೊಂಡಿರಬಹುದು, ಇದೂ ಹಾಗೆಯೇ.

ಮಧುಗಿರಿಯಲ್ಲಿ ಕೂತು ಹಿಮಾಲಯದ ಇಳಿಜಾರೊಂದರ ಹವಾಮಾನ ವಿಚಾರಿಸುವುದು ನಗೆಪಾಟಲಿನ ಸಂಗತಿಯೇ ಸರಿ. ನಮ್ಮಲ್ಲಿ ಚಳಿಗಾಲವೆಂದರೆ ತುಮಕೂರಿಗೆ ಹೋಗುವ ಮೊದಲ ಬಸ್ಸಿನವರು ಕಿವಿಗೆ ಮಫ್ಲರ್ ಸುತ್ತಿಕೊಳ್ಳುವುದು, ಹತ್ತು ಗಂಟೆಯ ಬಿಸಿಲಿಗೆ ಅದೇ ಮಫ್ಲರಿನಲ್ಲಿ ಬೆವರು ಒರೆಸಿಕೊಳ್ಳುವುದು, ಇಷ್ಟೇ. ಹವಾಮಾನ ವರದಿಯ ಮೇಲೆ ನಮ್ಮ ಮನೆಯಲ್ಲಿ ಯಾರಿಗೂ ಅಷ್ಟು ಗೌರವವೂ ಇರಲಿಲ್ಲ. ರೇಡಿಯೋದಲ್ಲಿ ಒಳನಾಡಿನ ಅಲ್ಲಲ್ಲಿ ಮಳೆಯಾಗುವ ಸಂಭವವಿದೆ ಎಂದಾಗಲೆಲ್ಲ ನಮ್ಮಪ್ಪ, "ಆ ಅಲ್ಲಲ್ಲಿ ಅನ್ನೋ ಊರು ಎಲ್ಲೈತೋ, ಒಂದ್ಸಲ ಹೋಗಿ ನೋಡ್ಕಂಡು ಬರ್ಬೇಕು" ಎನ್ನುತ್ತಿದ್ದ. ಅಪ್ಪ ಹೋಗಲಿಲ್ಲ. ಅವನ ತಂಗಿ ಹೋದಳು, ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದಳು.

ಆ ತಂಗಿಯೇ ನಮ್ಮ ಗೌರತ್ತೆ. ಮಧುಗಿರಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದವಳು. ಹುಟ್ಟಿ ಬೆಳೆದದ್ದು ಶಿರಾದಲ್ಲಿ, ಹೀಗಾಗಿ ಓಣಿಯ ಗೆಳತಿಯರಿಂದ ಕಲಿತ ಉರ್ದು ಅವಳ ನಾಲಿಗೆಯ ಮೇಲೆ ಸದಾ ಇರುತ್ತಿತ್ತು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದಕಾಯಿಯ ಪಕ್ಕದಲ್ಲೇ ಒಂದು ಸ್ಟೀಲ್ ಸೀಟಿ. ಮದುವೆ ಯಾಕೆ ಆಗಲಿಲ್ಲವೆಂದು ಕೇಳಿದವರಿಗೆ "ಪೀರಿಯಡ್ ಸಿಗಲಿಲ್ಲ" ಎನ್ನುತ್ತಿದ್ದಳು. ನಾನು ಅವಳ ಮನೆಯಲ್ಲಿದ್ದುಕೊಂಡೇ ಓದಿದವನು. ಈಗ ಬ್ಯಾಂಕಿನ ಕೆಲಸ ಮಾಡಿಕೊಂಡು ಅವಳ ಪಕ್ಕದ ಬೀದಿಯಲ್ಲೇ ಇದ್ದೇನೆ.

ನಮ್ಮ ಊರಿನ ಬೆಟ್ಟ ನಿಮಗೆ ಗೊತ್ತಿರಬೇಕು. ಬೆಟ್ಟವೆಂದರೆ ಗಿಡ ಮರ ಏನೂ ಇಲ್ಲ, ಇಡೀ ಬೆಟ್ಟಕ್ಕೆ ಒಂದೇ ಬೋಳು ಬಂಡೆ. ಊರಿನ ಕೋರ್ಟು, ಕಚೇರಿ, ಬಸ್ ಸ್ಟ್ಯಾಂಡು ಎಲ್ಲವೂ ಅದರ ಕಾಲ ಬಳಿ ಕೂತಿವೆ. ಕೋಟೆಯ ಬಾಗಿಲುಗಳನ್ನು ದಾಟುತ್ತ ಹೋದಂತೆ ಮೆಟ್ಟಿಲು ಮುಗಿದು, ಬಂಡೆಯಲ್ಲಿ ಕೊರೆದ ಕಚ್ಚುಗಳು ಮಾತ್ರ ಉಳಿಯುತ್ತವೆ. ಹತ್ತುವುದು ಯಾರಿಗಾದರೂ ಬರುತ್ತದೆ, ಇಳಿಯುವುದನ್ನು ಮಾತ್ರ ಕಲಿಸಬೇಕು ಎನ್ನುವುದು ಅತ್ತೆಯ ಸಿದ್ಧಾಂತ. ಪ್ರತಿ ವರ್ಷ ಹುಡುಗಿಯರನ್ನು ಬೆಟ್ಟಕ್ಕೆ ಕರೆದೊಯ್ದು ಅದನ್ನೇ ಕಲಿಸುತ್ತಿದ್ದಳು. ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಬೇಕು. ಬಂಡೆಯ ಮೇಲೆ ಕೂತುಬಿಡಬೇಕು. ಎರಡೂ ಅಂಗೈ ಹಿಂದೆ ಊರಿ, ಹಿಮ್ಮಡಿಯಿಂದ ಕಚ್ಚು ಹುಡುಕುತ್ತ ಇಷ್ಟಿಷ್ಟೇ ಸರಿಯಬೇಕು. "ಭಾರ ಬೆಟ್ಟಕ್ಕೆ ಕೊಡ್ರೇ, ಗಾಳಿಗೆ ಕೊಡಬ್ಯಾಡ್ರಿ" ಎಂದು ಅವಳು ಕೂಗುವುದು ಪೇಟೆಗೇ ಕೇಳಿಸುತ್ತಿತ್ತು. ಮಗಳ ಯೂನಿಫಾರಂ ಹಿಂದುಗಡೆ ಸವೆದು ಹರಿದುಹೋಯಿತೆಂದು ಪುರವರದಿಂದ ಒಬ್ಬ ಅಪ್ಪ ಜಗಳಕ್ಕೇ ಬಂದಿದ್ದ. "ಬಟ್ಟೆ ಹರೀತು, ಮಗ್ಳು ಹರೀಲಿಲ್ವಲ್ಲ, ಕೂತ್ಕ, ಕಾಫಿ ಕುಡಿ" ಎಂದು ಅತ್ತೆ ಅವನನ್ನು ಕಳಿಸಿದಳು.

ಯಾರಾದರೂ ನಡುವೆ ಹೆದರಿ ನಿಂತುಬಿಟ್ಟರೆ ಅತ್ತೆ ಅವರಿಗಿಂತ ನಾಲ್ಕು ಮಾರು ಕೆಳಕ್ಕೆ ಹೋಗಿ, ಮುಖ ಮೇಲೆ ಮಾಡಿ ನಿಲ್ಲುತ್ತಿದ್ದಳು. "ಕೆಳಕ್ಕೆ ನೋಡ್ಬ್ಯಾಡ. ನನ್ ಮಕ ನೋಡು." ಇಷ್ಟೇ ಅವಳ ಮದ್ದು. ಆ ಮದ್ದು ಕುಡಿದವರಲ್ಲಿ ನಾನೂ ಒಬ್ಬ. ಮೊದಲ ಬಾಗಿಲ ಮೇಲಿನ ಬಂಡೆಯಲ್ಲಿ ಚಿಕ್ಕಂದಿನಲ್ಲಿ ನಾನು ಹಲ್ಲಿಯ ಹಾಗೆ ಅಂಟಿಕೊಂಡು ಅಳುತ್ತಿದ್ದಾಗ ಅವಳ ಮುಖ ನೋಡಿಕೊಂಡೇ ಕೆಳಗೆ ಬಂದದ್ದು. ಆಮೇಲೆ ಆ ಬಂಡೆಗೆ ನಾನು ಹೋಗಲೇ ಇಲ್ಲ. ಊರಿಗೆ ಬಂದ ನೆಂಟರನ್ನು ಬೆಟ್ಟಕ್ಕೆ ಕಳಿಸಿ, ಕೆಳಗೆ ಅವರ ಚೀಲ ಕಾಯುತ್ತ ಕೂರುವುದು ನನ್ನ ಪಾಲಿನ ಆತಿಥ್ಯ.

ಅತ್ತೆ ರಿಟೈರಾದ ಮೇಲೆ ಅವಳ ಬಲ ಮಂಡಿಯೂ ರಿಟೈರಾಗಲು ಹೊರಟಿತು. ತುಮಕೂರಿನ ಡಾಕ್ಟರು ಶಿವರಾತ್ರಿ ಕಳೆದ ಕೂಡಲೇ ಮಂಡಿ ಬದಲಾಯಿಸೋಣ, ಆಮೇಲೆ ಬೆಟ್ಟ ಗಿಟ್ಟ ಮರೆತುಬಿಡಿ ಎಂದರು. ಊರಿಗೆ ವಾಪಸ್ ಬರುತ್ತಿದ್ದೆವು. ಕೊರಟಗೆರೆ ದಾಟಿ, ಬಸ್ಸಿನ ಕಿಟಕಿಯಲ್ಲಿ ನಮ್ಮ ಬೆಟ್ಟ ಕಾಣಿಸಿದಾಗ ಅವಳು ನನ್ನ ಕಡೆ ತಿರುಗಿದಳು.

"ಲೇ, ನಾನು ಹತ್ತಿದ ಬೆಟ್ಟಾನೆಲ್ಲ ಕೂತ್ಕಂಡೇ ಇಳ್ದಿದೀನಿ ಕಣ್ಲಾ. ಇದೂ ಅಷ್ಟೇ, ನಿಡುಗಲ್ಲೂ ಅಷ್ಟೇ. ಮಂಡಿ ಹೋಗೋದ್ರೊಳಗೆ ಒಂದ್ಸಲ ನಿಂತ್ಕಂಡು ಇಳೀಬೇಕು."

ಟೀವಿಯಲ್ಲಿ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವವರನ್ನು ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದುದು ಆಗ ನನಗೆ ಅರ್ಥವಾಯಿತು. ಡಾಕ್ಟರನ್ನು ಕೇಳಿದೆಯಾ ಎಂದೆ. "ಕೇಳಿದ್ರೆ ಬ್ಯಾಡ ಅಂತಾರೆ. ಅದಕ್ಕೇ ಕೇಳ್ಲಿಲ್ಲ" ಎಂದಳು.

ಸ್ಕೀಯಿಂಗ್ ಎನ್ನುವುದು ಎಷ್ಟು ದುಬಾರಿಯ ಆಟವೆಂದು ನಾನು ಲೆಕ್ಕ ಹಾಕಲು ಕೂತ ಮೇಲೇ ಗೊತ್ತಾದದ್ದು. ರೈಲು, ಜೀಪು, ರೂಮು ಇರಲಿ. ಹಲಗೆಗೆ ಬಾಡಿಗೆ, ಬೂಟಿಗೆ ಬಾಡಿಗೆ, ಕೋಲಿಗೆ, ಜಾಕೀಟಿಗೆ, ಕನ್ನಡಕಕ್ಕೆ ಬಾಡಿಗೆ, ಮೇಲೆ ಕಲಿಸುವವನ ದಿನಗೂಲಿ. ಹಿಮ ಬೀಳದಿದ್ದರೂ ಅರ್ಧ ಹಣ ವಾಪಸ್ ಬರುವುದಿಲ್ಲ. ಬಿದ್ದರೆ ರೂಮಿನ ಬಾಡಿಗೆ ಅದೇ ಸಂಜೆ ಏರುತ್ತದೆ. ಅತ್ತೆ ಹೆಂಗಸರ ಚೀಟಿ ಎತ್ತಿದಳು. ಚೀಟಿ ನಡೆಸುವ ಪಾವಗಡದ ಕಡೆಯ, ತೆಲುಗು ಬೆರೆಸಿ ಮಾತಾಡುವ ನರಸಮ್ಮ ಯಾತಕ್ಕೆಂದು ಕೇಳಿದ್ದಕ್ಕೆ ಅತ್ತೆ ಜಾರುವುದಕ್ಕೆ ಎಂದಳಂತೆ.

"ಜಾರಾಕೆ ಯಾರಾನ ದುಡ್ಡು ಕೊಡ್ತಾರಾ ಟೀಚರಮ್ಮ? ನಮ್ ಬೆಟ್ಟದಾಗೆ ಪುಕ್ಕಟೆ ಜಾರ್ಬೋದು ಕದಮ್ಮಾ" ಎಂದು ನರಸಮ್ಮ ನಿಜವಾಗಿಯೇ ಚಿಂತೆಗೆ ಬಿದ್ದಿದ್ದಳು.

ಹಣ ಅತ್ತೆಯದಾದರೆ ಹವಾಮಾನ ನನ್ನದು. ಫೋನಿಗೆ ನಾಲ್ಕು ಆ್ಯಪ್ ಹಾಕಿಕೊಂಡೆ. ನಾಲ್ಕೂ ಒಂದೇ ಆಕಾಶ ನೋಡಿಕೊಂಡು ನಾಲ್ಕು ಮಾತು ಆಡುತ್ತಿದ್ದವು. ಒಂದು ಭಾರಿ ಹಿಮ ಎಂದರೆ ಇನ್ನೊಂದು ಬಿಸಿಲು ಎನ್ನುತ್ತಿತ್ತು. ಬೆಳಿಗ್ಗೆ ಹೇಳಿದ್ದನ್ನು ಸಂಜೆ ನುಂಗಿಕೊಳ್ಳುತ್ತಿದ್ದವು. ನಾನು ಬ್ಯಾಂಕಿನವನು, ನಾಲ್ಕನ್ನೂ ಕೂಡಿಸಿ ಸರಾಸರಿ ತೆಗೆದು, ಜನವರಿಯ ಕೊನೆಯ ವಾರ ಔಲಿಯಲ್ಲಿ ಖಂಡಿತ ಹಿಮ ಎಂದು ತೀರ್ಮಾನಿಸಿ ಟಿಕೆಟ್ ಮಾಡಿಸಿದೆ.

ಹೋಗಿ ನೋಡಿದರೆ ಇಳಿಜಾರು ಬೋಳಾಗಿ, ಒಣಹುಲ್ಲಿನಿಂದ ಕಂದುಬಣ್ಣಕ್ಕೆ ತಿರುಗಿತ್ತು. ಮೇಲೆ ಬೂದಿ ಬಣ್ಣದ ಮೋಡ ಮುಚ್ಚಿಕೊಂಡು ಯಾವ ಶಿಖರವೂ ಕಾಣುತ್ತಿರಲಿಲ್ಲ. ನಮ್ಮ ಶಿರಾ ರೋಡಿನ ಬಯಲಿಗೆ ಬಂದ ಹಾಗಿದೆಯಲ್ಲ ಎಂದು ನನಗೆ ಅಳು ಬಂತು. ನಮಗೆ ಕಲಿಸಬೇಕಾದ ಕುಂದನ್ ಎಂಬ ಆ ಊರಿನವನು ಅಂಗಡಿಯಲ್ಲಿ ಒಲೆಗೆ ಕೈ ಕಾಯಿಸುತ್ತ ಕೂತಿದ್ದ. "ಬರಫ್ ಕಬ್ ಗಿರ್ತಾ ಜೀ?" ಎಂದು ಅತ್ತೆ ತನ್ನ ಶಿರಾ ಉರ್ದುವಿನಲ್ಲಿ, ಹಿಮ ಯಾವಾಗ ಬೀಳುತ್ತದೆಂದು ಕೇಳಿದಳು. ಅವನು ನನ್ನ ಫೋನ್ ತೋರಿಸಿ, ಇವರಿಗೇ ಗೊತ್ತಿರಬೇಕು ತಾಯಿ, ನಮಗೆ ಬಿದ್ದ ಮೇಲೆ ಗೊತ್ತಾಗುತ್ತದೆ ಎಂದ.

ದಿನಗಳು ಹೀಗೇ ಕಳೆದವು. ಅತ್ತೆ ದಿನವೂ ಬೆಳಿಗ್ಗೆ ವಿಭೂತಿ ಹಚ್ಚಿ, ಬಾಡಿಗೆಯ ಬೂಟು ಹಾಕಿ, ಮಂಡಿಗೆ ಪಟ್ಟಿ ಕಟ್ಟಿ ರೂಮಿನ ಜಗಲಿಯಲ್ಲಿ ತಯಾರಾಗಿ ಕೂರುತ್ತಿದ್ದಳು. ಕೊನೆಗೆ ನಾಲ್ಕೂ ಆ್ಯಪ್‌ಗಳು ಮೊದಲ ಬಾರಿಗೆ ಒಂದೇ ಮಾತು ಹೇಳಿದವು, ಇನ್ನೊಂದು ವಾರ ಒಣಹವೆ. ಇನ್ನು ಕಾಯುವುದು ವ್ಯರ್ಥವೆಂದು ನಾನು ಮರುದಿನ ಮಧ್ಯಾಹ್ನಕ್ಕೆ ಇಳಿಯುವ ಜೀಪು ಗೊತ್ತು ಮಾಡಿ ಮುಂಗಡ ಕೊಟ್ಟು ಬಂದೆ. ಅತ್ತೆ "ಆಯ್ತು ಬುಡು" ಎಂದಳು. ಅವಳು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅದೇ ದಿನ ಇಳಿಹೊತ್ತಿನಲ್ಲಿ ಹಿಮ ಬಿತ್ತು. ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದೆವು. ಅತ್ತೆಯ ಕಪ್ಪು ಶಾಲಿನ ಮೇಲೆ ಬಿಳಿ ಚುಕ್ಕೆಯೊಂದು ಕೂತಿತು, ಪಕ್ಕದಲ್ಲಿ ಇನ್ನೊಂದು. ನೋಡುತ್ತಿದ್ದಂತೆ ಎದುರಿನ ಮರ ಕಾಣದಾಯಿತು. ಅವಳು ಅಂಗಳಕ್ಕಿಳಿದು ಎರಡೂ ಕೈ ಚಾಚಿ ನಿಂತಳು. "ಸದ್ದೇ ಇಲ್ವಲ್ಲೋ" ಎಂದಳು. ನಾವು ಮಳೆಯ ಜನ. ಮಳೆ ಅಪರೂಪಕ್ಕೆ ಬಂದರೂ ತಗಡಿನ ಮೇಲೆ ಡಂಗುರ ಸಾರಿಕೊಂಡೇ ಬರುತ್ತದೆ. ಇಷ್ಟು ದೊಡ್ಡದೊಂದು ಇಷ್ಟು ಮೌನವಾಗಿ ನಡೆಯಬಲ್ಲದೆಂದು ನಮಗೆ ಯಾರೂ ಹೇಳಿರಲಿಲ್ಲ. ನನಗೆ ಭಯವಾಯಿತು, ಒಳ್ಳೆಯ ಭಯ. ಫೋನ್ ತೆಗೆದು ನೋಡಿದೆ, ಒಣಹವೆ ಎಂದೇ ಇತ್ತು.

ಬೆಳಿಗ್ಗೆ ಬಾಗಿಲು ತೆಗೆದಾಗ ಮೋಡವೆಲ್ಲ ಹರಿದು ಎದುರಿಗೆ ನಂದಾದೇವಿ ಶಿಖರ ನಿಂತಿತ್ತು. ಇಷ್ಟು ದಿನವೂ ಅದು ಅಲ್ಲೇ, ನಮ್ಮ ಮುಂದೆಯೇ ಇತ್ತೆನ್ನುವುದನ್ನು ನಂಬಲಾಗಲಿಲ್ಲ. ಚಿಕ್ಕಂದಿನಿಂದ ನಮ್ಮ ಮನೆಯಲ್ಲಿ ಶಿವನ ಬೆಳ್ಳಿಬೆಟ್ಟದ ಮಾತು ಕೇಳಿದ್ದೆ, ಅದು ಹೇಳುವ ಮಾತು ಎಂದುಕೊಂಡಿದ್ದೆ. ಅತ್ತೆ ಚಪ್ಪಲಿ ಬಿಟ್ಟು ಹಿಮದ ಮೇಲೆ ಬರಿಗಾಲಲ್ಲಿ ನಿಂತು ಕೈ ಮುಗಿದಳು. ನಾನೂ ಮುಗಿದೆ. ಜೀಪಿನವನು ಬರಲು ಮಧ್ಯಾಹ್ನದ ತನಕ ಹೊತ್ತಿತ್ತು, ಅತ್ತೆಗೆ ಸಿಕ್ಕಿದ್ದು ಆ ಒಂದು ಬೆಳಗು.

ಕುಂದನ್ ಅವಳನ್ನು ಸಣ್ಣ ಇಳಿಜಾರಿಗೆ ಕರೆದೊಯ್ದು ಹಲಗೆ ಕಟ್ಟಿದ. ಮಂಡಿ ಮಡಚಿ, ಮುಂದಕ್ಕೆ ಬಾಗಿ, ಭಾರವನ್ನು ಕಣಿವೆಯ ಕಡೆಗೆ ಬಿಡಿ ಎಂದ. ಅತ್ತೆ ಹೊರಟಳು. ಮಾರು ದೂರ ಹೋಗುವುದರೊಳಗೆ ಅವಳ ಎದೆ ತಾನಾಗಿ ಹಿಂದಕ್ಕೆ ವಾಲಿ, ಕೈಗಳು ಹಿಂದೆ ನೆಲ ಹುಡುಕಿ, ಧೊಪ್ಪನೆ ಕೂತುಬಿಟ್ಟಳು. ಎಬ್ಬಿಸಿದೆವು. ಮತ್ತೆ ಹೊರಟಳು, ಮತ್ತೆ ಕೂತಳು. ಮುಂದಕ್ಕೆ, ಮುಂದಕ್ಕೆ ಎಂದು ಅವನು ಕೂಗಿದಷ್ಟೂ ಅವಳ ಮೈ ಬೆಟ್ಟಕ್ಕೆ ಭಾರ ಕೊಡುತ್ತಿತ್ತು. ಹುಡುಗಿಯರಿಗೆ ಹೇಳಿ ಹೇಳಿ ಅವಳ ಎಲುಬಿಗೇ ಇಳಿದಿದ್ದ ಪಾಠ ಅದು. ಸೂರ್ಯ ಮೇಲೇರುತ್ತಿದ್ದ. ಅವಳ ಮಂಡಿ ಊದತೊಡಗಿತ್ತು.

"ಈ ಮೈಗೆ ಕಲಿಸ್ದೋಳು ನಾನೇ ಕಣೋ" ಎಂದಳು ಹಿಮದಲ್ಲಿ ಕೂತು. "ಈಗ ನನ್ ಮಾತೇ ಕೇಳ್ತಿಲ್ಲ." ಕಣ್ಣಲ್ಲಿ ನೀರಿತ್ತು. ಕುಂದನ್ ಸಾಕು ಎನ್ನುವಂತೆ ಹಲಗೆಯ ಪಟ್ಟಿಗೆ ಕೈ ಹಾಕಿದ. ಅತ್ತೆ ಅವನ ಕೈ ಸರಿಸಿ, "ಠೈರೋ ಜೀ, ಖೋಲೋ ನಕ್ಕೊ" ಎಂದು ಬಿಚ್ಚದಂತೆ ತಡೆದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀನು ಕೆಳಕ್ಕೆ ಹೋಗಿ ನಿಂತ್ಕ. ಮಕ ಮೇಲ್ ಮಾಡು."

ಅವಳೇನು ಮಾಡುತ್ತಿದ್ದಾಳೆಂದು ನನಗೆ ತಟ್ಟನೆ ಹೊಳೆಯಿತು. ಮಂಡಿಯುದ್ದದ ಹಿಮದಲ್ಲಿ ಏಳುತ್ತ ಬೀಳುತ್ತ ಇಳಿಜಾರಿನ ಬುಡಕ್ಕೆ ಹೋಗಿ ತಿರುಗಿ ನಿಂತೆ. ಬೆಟ್ಟವೆಂದರೆ ಹೆದರಿ ಸಾಯುವ ನಾನು, ಒಬ್ಬರು ಧೈರ್ಯಕ್ಕಾಗಿ ನೋಡಿಕೊಳ್ಳಬೇಕಾದ ಮುಖವಾಗಿ ಅಲ್ಲಿ ನಿಂತಿದ್ದೆ. ಮುಖವನ್ನು ಹೇಗಿಟ್ಟುಕೊಳ್ಳಬೇಕೆಂದೂ ತಿಳಿಯಲಿಲ್ಲ. "ಕೆಳಗೆ ನೋಡಬೇಡ ಅತ್ತೆ, ನನ್ನ ಮುಖ ನೋಡು" ಎಂದು ಕೂಗಿದೆ.

ಅವಳು ನನ್ನನ್ನು ನೋಡಿದಳು. ನೋಡಲು ಕತ್ತು ಮುಂದೆ ಚಾಚಿದಳು, ಕತ್ತಿನ ಹಿಂದೆ ಎದೆ ಬಂತು, ಎದೆಯ ಹಿಂದೆ ಇಡೀ ಅತ್ತೆ ಬಂದಳು. ನಿಂತೇ ಬಂದಳು. ಶಾಲು ಹಾರುತ್ತಿತ್ತು, ಸೀಟಿ ಎದೆಯ ಮೇಲೆ ಕುಣಿಯುತ್ತಿತ್ತು, ಬಾಯಿ ತೆರೆದಿತ್ತು, ಸದ್ದು ಮಾತ್ರ ಇರಲಿಲ್ಲ. ಅವಳ ಬೆನ್ನ ಹಿಂದೆ ಹಿಮದ ಇಳಿಜಾರು ಮೇಲಕ್ಕೆ, ಮೇಲಕ್ಕೆ, ಆಕಾಶದವರೆಗೂ ಹೋಗಿತ್ತು. ಅರವತ್ತು ದಾಟಿದ ಹೆಂಗಸೊಬ್ಬಳು ಅಷ್ಟು ಬಿಳುಪಿನ ನಡುವೆ ನೆಟ್ಟಗೆ ನಿಂತು ನನ್ನ ಕಡೆಗೆ ಬರುತ್ತಿದ್ದಾಳೆ. ನಾನು ಜೀವನದಲ್ಲಿ ಕಂಡ ದೊಡ್ಡ ನೋಟ ಅದು, ನಂದಾದೇವಿಯನ್ನೂ ಸೇರಿಸಿ ಹೇಳುತ್ತಿದ್ದೇನೆ. ನಿಲ್ಲುವುದು ಹೇಗೆಂದು ಕುಂದನ್ ಇನ್ನೂ ಕಲಿಸಿರಲಿಲ್ಲ. ಅವಳು ನೇರವಾಗಿ ಬಂದು ನನಗೆ ಗುದ್ದಿದಳು, ಇಬ್ಬರೂ ಹಿಮದಲ್ಲಿ ಹೂತುಹೋದೆವು.

"ನಿಂತ್ಕಂಡೇ ಇಳ್ದೆ ತಾನೇ?" ಎಂದಳು ನನ್ನ ಮೇಲೆ ಬಿದ್ದುಕೊಂಡೇ.

"ನಿಂತ್ಕಂಡೇ ಇಳಿದೆ."

"ನಿನ್ ತನಕಾನೂ?"

"ನನ್ನ ತನಕಾನೂ."

ಇನ್ನೊಂದು ಸಲ ಹೋಗೋಣವೇ ಎಂದು ಕುಂದನ್ ಕೇಳಿದ್ದಕ್ಕೆ ಅವಳು ಬೇಡವೆಂದು ತಲೆಯಾಡಿಸಿದಳು. ಊರಿಗೆ ಬಂದು ಶಿವರಾತ್ರಿಯ ಜಾಗರಣೆ ಮುಗಿಸಿ, ನಗುನಗುತ್ತ ಹೋಗಿ ಆಪರೇಷನ್ ಮಾಡಿಸಿಕೊಂಡಳು.

ಅದಾಗಿ ವರ್ಷವಾಗುತ್ತ ಬಂತು. ಇವತ್ತು ಆಟೋದಿಂದ ಇಳಿದು, ಕೋಲೂರಿ ಬಂದು ಬೆಟ್ಟದ ಬುಡದ ಕಟ್ಟೆಯ ಮೇಲೆ ಕೂತಳು. ಮಂಜು ಸರಿದು ಬಂಡೆ ಪೂರ್ತಿ ಕಾಣುತ್ತಿತ್ತು. ಚಿಕ್ಕಂದಿನಿಂದ ಹೊತ್ತೆಷ್ಟಾಯಿತೆಂದು ನೋಡಲು ಮಾತ್ರ ಅತ್ತ ತಲೆಯೆತ್ತುತ್ತಿದ್ದ ನಾನು ಅದನ್ನು ಈಗೀಗ ನೋಡುತ್ತೇನೆ. ಇದೂ ಸದ್ದಿಲ್ಲದ ದೊಡ್ಡದೇ.

"ಅಲ್ಲೇನಂತೆ ಇವತ್ತು?" ಎಂದಳು. ದಿನವೂ ಕೇಳುತ್ತಾಳೆ.

"ಅರ್ಧಕ್ಕರ್ಧ ಅಂತಿದೆ."

"ಹಂಗಾದ್ರೆ ಬೀಳ್ಲೂಬೋದು ಬುಡು." ಬೆಟ್ಟದ ಕಡೆ ತಿರುಗಿದಳು. ಬಲಗೈ ಹೊಸ ಮಂಡಿಯನ್ನು ಸವರುತ್ತಿತ್ತು. "ಮೊದಲ್ನೇ ಬಾಗ್ಲ ಮೇಲಿನ ಬಂಡೆ ತಾವ ಬೆಳಗಿನ ಗಾಳಿ ಚೆನ್ನಾಗಿರ್ತಿತ್ತು. ಈಗ ಹೆಂಗೈತೋ ಏನೋ."

ಅವಳು ನನಗೆ ಹೋಗು ಎನ್ನಲಿಲ್ಲ. ನಾನು ಚಪ್ಪಲಿ ಬಿಚ್ಚಿ ಅವಳ ಪಕ್ಕದಲ್ಲಿಟ್ಟು ಹೊರಟೆ. ಬಾಗಿಲು ದಾಟಿ, ಚಿಕ್ಕಂದಿನಲ್ಲಿ ಅಳುತ್ತ ಅಂಟಿಕೊಂಡಿದ್ದ ಜಾಗವನ್ನೂ ದಾಟಿ ಮೇಲೆ ಹೋಗಿ ನಿಂತೆ. ಗಾಳಿ ಚೆನ್ನಾಗಿಯೇ ಇತ್ತು. ತಿರುಗಿದಾಗ ಮಾತ್ರ ಇಡೀ ಊರು ಕಾಲ ಕೆಳಗೆ ತೂಗಿದಂತಾಯಿತು. ಔಲಿಯನ್ನು ನೆನೆದು, ನಿಂತೇ ಇಳಿಯೋಣವೆಂದು ಮೊಂಡು ಧೈರ್ಯದಿಂದ ಒಂದು ಹೆಜ್ಜೆ ಮುಂದಿಟ್ಟೆ. ಕೆಳಗಿನಿಂದ ಸೀಟಿ ಕೇಳಿಸಿತು. ಅತ್ತೆ ಕಟ್ಟೆಯಿಂದೆದ್ದು, ಮುಖ ಮೇಲೆ ಮಾಡಿ ನಿಂತಿದ್ದಳು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಿಂದ ಕೂತ್ಕೋ, ಕೂತ್ಕೋ ಎಂದು ಸನ್ನೆ ಮಾಡುತ್ತಿದ್ದಳು.

ನಾನು ಕೂತೆ. ಭಾರವನ್ನೆಲ್ಲ ಬೆಟ್ಟಕ್ಕೆ ಕೊಟ್ಟು, ಅವಳ ಮುಖ ನೋಡುತ್ತ, ಗಾಳಿ ಹೇಗಿತ್ತೆಂದು ಹೇಳಲು ಇಷ್ಟಿಷ್ಟೇ ಕೆಳಗೆ ಸರಿಯತೊಡಗಿದೆ.